ಎಲೆಯ ಪಾಠ ಎಲ್ಲರ ಕೈಗೆ: ಅಂಗವಿಕಲ ಮಕ್ಕಳೂ ಕೂತಿರುವ ತರಗತಿಗೆ ತಯಾರಿ

ವಿಜ್ಞಾನದ ತರಗತಿ, ಎಲೆಯ ಪಾಠ. ಬೋರ್ಡಿನ ಮೇಲೆ ಚಿತ್ರ ಬರೆದಾಗಿದೆ, ಭಾಗಗಳಿಗೆ ಬಾಣ ಹಾಕಿ ಹೆಸರು ಬರೆದಾಗಿದೆ, ಮಕ್ಕಳೆಲ್ಲ ತಲೆ ಬಗ್ಗಿಸಿ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದಾರೆ. ಕಣ್ಣು ಕಾಣದ ಹುಡುಗಿಯ ಮುಂದೆ ಖಾಲಿ ಹಾಳೆ. ಸೆರೆಬ್ರಲ್ ಪಾಲ್ಸಿ (ಮೆದುಳಿನ ಹಾನಿಯಿಂದ ದೇಹದ ಚಲನೆ ಹಿಡಿತಕ್ಕೆ ಸಿಗದ ಸ್ಥಿತಿ) ಇರುವ ಹುಡುಗನಿಗೆ ಬಣ್ಣ ತುಂಬಲು ಎಲೆಗೆ ಸಂಬಂಧವೇ ಇಲ್ಲದ ಯಾವುದೋ ಚಿತ್ರ. ಇಬ್ಬರ ಹೆಸರೂ ದಾಖಲಾತಿಯಲ್ಲಿದೆ, ಹಾಜರಿಯೂ ಸಿಕ್ಕಿದೆ. ಪಾಠ ಸಿಕ್ಕಿಲ್ಲ.

ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ ಶಿಕ್ಷಣದ ಬಗ್ಗೆ ಹೇಳುತ್ತದೆ. ಆ ವಿಧಿಗೆ ಒಡಂಬಡಿಕೆಯ ಸಮಿತಿ 2016ರಲ್ಲಿ ಬರೆದ ವಿವರಣೆ ಒಂದು ಗೆರೆಯನ್ನು ಸ್ಪಷ್ಟವಾಗಿ ಎಳೆಯಿತು: ಶಾಲೆಯ ಪಾಠ, ಸಾಮಗ್ರಿ, ಬೋಧನೆ ಎಲ್ಲವನ್ನೂ ಇದ್ದಂತೆಯೇ ಇಟ್ಟು ಮಗುವನ್ನು ತಂದು ಕೂರಿಸುವುದು ಬೇರೆ, ಆ ಮಗುವೂ ಕಲಿಯುವಂತೆ ಅವನ್ನು ಬದಲಾಯಿಸುವುದು ಬೇರೆ. ಎರಡನೆಯದನ್ನು ಮಾತ್ರ ಸಮನ್ವಯ ಶಿಕ್ಷಣ ಎನ್ನಬಹುದು. ಆ ಬದಲಾವಣೆ ದೊಡ್ಡ ಯೋಜನೆಗಿಂತ ಮೊದಲು ಒಂದೊಂದು ಪಾಠದಲ್ಲಿ ಆಗಬೇಕು. ಹಾಗಾಗಿ ಇಲ್ಲಿ ಎಲೆಯ ಪಾಠ ಒಂದನ್ನೇ ಹಿಡಿದು ತಯಾರಿಯಿಂದ ಮೌಲ್ಯಮಾಪನದವರೆಗೆ ನೋಡೋಣ. ಇದೇ ಕ್ರಮ ಭೂಪಟಕ್ಕೂ ಹೊಂದುತ್ತದೆ, ಭಿನ್ನರಾಶಿಗೂ ಹೊಂದುತ್ತದೆ.

ಗುರಿಯ ವಾಕ್ಯದಿಂದ ಶುರುಮಾಡಿ

ಪಾಠ ಯೋಜನೆಯಲ್ಲಿ "ಎಲೆಯ ಚಿತ್ರ ಬರೆದು ಭಾಗಗಳನ್ನು ಹೆಸರಿಸುವುದು" ಎಂದು ಬರೆದ ಕ್ಷಣವೇ ಕೆಲವು ಮಕ್ಕಳು ಹೊರಗುಳಿದರು. ಈ ವಾಕ್ಯದಲ್ಲಿ ವಿಜ್ಞಾನ ಎಷ್ಟಿದೆ ನೋಡಿ. ತೊಟ್ಟು, ಅಲಗು, ಅಂಚು, ನಡುನಾಳ ಯಾವುದು ಎಂದು ತಿಳಿಯಬೇಕು. ನಾಳಗಳು ಬಲೆಯಂತೆ ಹರಡಿವೆಯೋ, ಹುಲ್ಲಿನಲ್ಲಿರುವಂತೆ ಸಮಾಂತರವಾಗಿ ಓಡುತ್ತವೆಯೋ ಎಂದು ಗುರುತಿಸಬೇಕು. ಅಷ್ಟೇ. ಚಿತ್ರ ಬರೆಯುವುದು ಅಲ್ಲಿಗೆ ಹೋಗುವ ಒಂದು ದಾರಿ, ಅದು ಗುರಿಯೊಳಗೆ ನುಸುಳಿ ಕೂತಿದೆ. ಅದನ್ನು ತೆಗೆದು ಹೀಗೆ ಬರೆಯಿರಿ: "ಎಲೆಯ ನಾಲ್ಕು ಭಾಗಗಳನ್ನು ಗುರುತಿಸುವುದು, ಎರಡು ಬಗೆಯ ನಾಳವಿನ್ಯಾಸವನ್ನು ಬೇರ್ಪಡಿಸುವುದು." ಈಗ ಮುಟ್ಟಿ ಗುರುತಿಸಿದರೂ ಸರಿ, ಸನ್ನೆಯಲ್ಲಿ ಹೇಳಿದರೂ ಸರಿ, ಕಣ್ಣಿನಿಂದ ತೋರಿಸಿದರೂ ಸರಿ.

ಗುರಿ ಸಿದ್ಧವಾದ ಮೇಲೆ ಮೂರು ಪ್ರಶ್ನೆ. ವಿಷಯ ಮಗುವನ್ನು ಯಾವ್ಯಾವ ದಾರಿಯಲ್ಲಿ ತಲುಪಬಹುದು? ಗೊತ್ತಾದ್ದನ್ನು ಮಗು ಯಾವ್ಯಾವ ರೀತಿಯಲ್ಲಿ ತೋರಿಸಬಹುದು? ಅದಕ್ಕೆ ಇದರಲ್ಲಿ ಆಸಕ್ತಿ ಹುಟ್ಟುವುದು ಯಾವುದರಿಂದ? ಅಮೆರಿಕದ ಶಿಕ್ಷಣ ಸಂಶೋಧನಾ ಸಂಸ್ಥೆ ಕ್ಯಾಸ್ಟ್ ರೂಪಿಸಿದ ಸಾರ್ವತ್ರಿಕ ಕಲಿಕಾ ವಿನ್ಯಾಸದ ಬುನಾದಿಯೂ ಈ ಮೂರೇ. ಒಂದೊಂದಕ್ಕೂ ಕನಿಷ್ಠ ಎರಡು ಉತ್ತರ ಇಟ್ಟುಕೊಂಡು ತರಗತಿಗೆ ಹೋಗಿ.

ಬೌದ್ಧಿಕ ವೈಕಲ್ಯ ಇರುವ ಮಗುವಿಗೆ ಗುರಿಯನ್ನೇ ಚಿಕ್ಕದು ಮಾಡಬೇಕಾಗಬಹುದು. ಆಗಲೂ ಅದೇ ಎಲೆ ಇರಲಿ: "ತೊಟ್ಟು ಮತ್ತು ಅಲಗು ಎರಡನ್ನು ಗುರುತಿಸುವುದು." ಆದರೆ ಸಾಮಗ್ರಿ ಸಿದ್ಧವಿಲ್ಲ ಎಂಬ ಕಾರಣಕ್ಕೆ ಕಣ್ಣು ಕಾಣದ ಅಥವಾ ಕಿವಿ ಕೇಳದ ಮಗುವಿನ ಗುರಿಯನ್ನು ಇಳಿಸಬಾರದು. ಇದು ಬಹಳ ಸಾಮಾನ್ಯವಾಗಿ ಆಗುವ ಅನ್ಯಾಯ. ವರ್ಷಗಟ್ಟಲೆ ಹೀಗೆ ಇಳಿಸುತ್ತಾ ಬಂದರೆ ಕೊನೆಗೆ ಮಗುವಿಗೇ ಕಲಿಯುವ ಶಕ್ತಿ ಇಲ್ಲ ಎಂದು ಎಲ್ಲರೂ ನಂಬಿಬಿಡುತ್ತಾರೆ.

ಪ್ರತಿ ಮಗುವಿಗೂ ಅರ್ಧ ಪುಟದ ಟಿಪ್ಪಣಿ

ವೈದ್ಯಕೀಯ ಪ್ರಮಾಣಪತ್ರದಲ್ಲಿರುವ ಶೇಕಡಾವಾರು ಅಂಕಿ ಪಾಠಕ್ಕೆ ಉಪಯೋಗಕ್ಕೆ ಬರುವುದಿಲ್ಲ. ಬೇಕಾದ್ದು ಇಂಥ ವಿವರ: ಎಷ್ಟು ದೂರದಿಂದ, ಯಾವ ಗಾತ್ರದ ಅಕ್ಷರ ಕಾಣುತ್ತದೆ, ಯಾವ ಕಡೆಯಿಂದ ಮಾತಾಡಿದರೆ ಕೇಳುತ್ತದೆ, ಯಾವ ಕೈ ಚೆನ್ನಾಗಿ ಚಾಚುತ್ತದೆ, "ಹೌದು" ಮತ್ತು "ಬೇಡ" ಎನ್ನುವುದನ್ನು ಮಗು ಹೇಗೆ ತಿಳಿಸುತ್ತದೆ, ಯಾವುದನ್ನು ಕಂಡರೆ ಕಿರಿಕಿರಿ, ಯಾವುದನ್ನು ಕೊಟ್ಟರೆ ಕಣ್ಣರಳುತ್ತದೆ. ತಂದೆತಾಯಿಯನ್ನು ಕೇಳಿ, ಮಗುವನ್ನೂ ಕೇಳಿ.

ಸುರಕ್ಷತೆಯ ಮಾತನ್ನು ಇದೇ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಬರೆಯಿರಿ. ಸ್ಪೈನಾ ಬಿಫಿಡಾ (ಹುಟ್ಟಿನಿಂದಲೇ ಬೆನ್ನುಮೂಳೆ ಪೂರ್ತಿ ಕೂಡದ ಸ್ಥಿತಿ) ಇರುವ ಮಕ್ಕಳಲ್ಲಿ ಲೇಟೆಕ್ಸ್ ಅಲರ್ಜಿ ಹೆಚ್ಚು. ಬಲೂನು, ರಬ್ಬರ್ ಬ್ಯಾಂಡು, ರಬ್ಬರ್ ಕೈಗವಸು ಅವರ ಹತ್ತಿರ ಬರಬಾರದು. ಎಲ್ಲವನ್ನೂ ಬಾಯಿಗಿಡುವ ಮಗು ಇದ್ದರೆ ಸುಮಾರು 3 ಸೆಂ.ಮೀ.ಗಿಂತ ಚಿಕ್ಕ ವಸ್ತು ಮೇಜಿನ ಮೇಲೆ ಬೇಡ. ಬಟನ್ ಬ್ಯಾಟರಿ, ಪುಟ್ಟ ಅಯಸ್ಕಾಂತ ಕೋಣೆಯೊಳಗೇ ಬೇಡ. ಎಲೆ ಆರಿಸುವಾಗ ಕಣಗಿಲೆ, ಎಕ್ಕ ತರಬೇಡಿ. ಕಣಗಿಲೆ ಇಡೀ ಗಿಡವೇ ವಿಷ, ಎಕ್ಕದ ಹಾಲು ಕಣ್ಣಿಗೆ ಹೋದರೆ ಅಪಾಯ. ದಾಸವಾಳದ ಎಲೆ ಬಲೆಯಂಥ ನಾಳಕ್ಕೆ, ಬಿದಿರಿನ ಎಲೆ ಸಮಾಂತರ ನಾಳಕ್ಕೆ ಸಾಕು. ಬಿದಿರು ಮತ್ತು ಅಗಲ ಹುಲ್ಲಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಬ್ರೈಲ್ ಓದುವ ಮಗುವಿಗೆ ತೋರುಬೆರಳಿನ ಗಾಯ ಎಂದರೆ ಒಂದು ವಾರ ಓದು ನಿಂತಂತೆ. ಆದ್ದರಿಂದ ಆ ಅಂಚಿಗೆ ಮೊದಲೇ ತೆಳುವಾದ ಟೇಪು ಹಚ್ಚಿ ಕೊಡಿ.

ಸ್ಪರ್ಶ ಚಿತ್ರ ಮಾಡುವುದು

ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ಭಾಗ. ಏಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಸ್ಪರ್ಶ ಚಿತ್ರಗಳಲ್ಲಿ ಹೆಚ್ಚಿನವು ಬೆರಳಿಗೆ ಏನನ್ನೂ ಹೇಳುವುದಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವ ಚಿತ್ರವನ್ನೇ ಉಬ್ಬಿಸಿದರೆ ಸಾಕು ಎಂದುಕೊಳ್ಳುವುದೇ ಮೂಲ ತಪ್ಪು. ಲೂಯಿ ಬ್ರೈಲ್ ಪ್ಯಾರಿಸ್‌ನ ಅಂಧರ ಶಾಲೆಯಲ್ಲಿ ಓದುವಾಗ ಅಲ್ಲಿ ಉಬ್ಬಚ್ಚಿನ ರೋಮನ್ ಅಕ್ಷರಗಳ ಪುಸ್ತಕಗಳಿದ್ದವು. ಬೆರಳಿನಲ್ಲಿ ಅವನ್ನು ಓದುವುದು ವಿಪರೀತ ನಿಧಾನ, ಬರೆಯುವುದಂತೂ ಆಗದ ಮಾತು. 1824ರಲ್ಲಿ, 15ನೇ ವಯಸ್ಸಿಗೆ, ಅವನು ಬೆರಳ ತುದಿಯಡಿ ಒಮ್ಮೆಗೇ ಹಿಡಿಯುವ 6 ಚುಕ್ಕೆಗಳ ಲಿಪಿ ರೂಪಿಸಿದ. ಆ 6 ಚುಕ್ಕೆಗಳಿಂದ 63 ಅಚ್ಚುಗಳಾಗುತ್ತವೆ. ಬೆರಳಿಗಾಗಿಯೇ ಯೋಚಿಸಿದ್ದರಿಂದ ಅದು ಉಳಿಯಿತು. ಚಿತ್ರಕ್ಕೂ ಅದೇ ಯೋಚನೆ ಬೇಕು.

ಬೇಕಾದ ಸಾಮಾನು: 300 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ಅಳತೆ) ಆಸುಪಾಸಿನ ದಪ್ಪ ಎ4 ಕಾರ್ಡು, ಸುಮಾರು 3 ಮಿ.ಮೀ. ದಪ್ಪದ ಹುರಿ, 1.5 ಮಿ.ಮೀ. ದಾರ, ಬಿಳಿ ಅಂಟು, ಉಣ್ಣೆಬಟ್ಟೆಯ ತುಂಡು, ಒಂದು ಬೆಂಕಿಕಡ್ಡಿ, ಪ್ಲಾಸ್ಟಿಕ್ ಹಾಳೆ, ತೂಕಕ್ಕೆ ನಾಲ್ಕಾರು ಪುಸ್ತಕ.

1. ಈ ಚಿತ್ರ ಯಾವ ಒಂದು ಪ್ರಶ್ನೆಗೆ ಉತ್ತರ ಎಂದು ನಿರ್ಧರಿಸಿ. "ಎಲೆಯ ಭಾಗಗಳು ಯಾವುವು" ಒಂದು ಚಿತ್ರ. "ನಾಳ ಹೇಗೆ ಹರಡಿದೆ" ಇನ್ನೊಂದು ಚಿತ್ರ. ಎರಡನ್ನೂ ಒಂದರಲ್ಲಿ ತುರುಕಬೇಡಿ.

2. ನೆರಳು, ಮಡಿಕೆ, ಹೂವು, ಹಿಂದಿನ ಕೊಂಬೆ ಎಲ್ಲ ತೆಗೆದುಹಾಕಿ. ಓರೆಯಾಗಿ ಹಿಡಿದ ಎಲೆಯ ನೋಟ ಬೆರಳಿಗೆ ಅರ್ಥವಾಗುವುದಿಲ್ಲ. ಚಪ್ಪಟೆಯಾಗಿ ಹಾಸಿದ ಎಲೆಯನ್ನು ಮೇಲಿನಿಂದ ನೋಡಿದಂತೆ ಬರೆಯಿರಿ. ಪಕ್ಕದ ನಾಳಗಳು ಹನ್ನೆರಡಿದ್ದರೆ ಭಾಗಗಳ ಚಿತ್ರದಲ್ಲಿ ನಾಲ್ಕು ಸಾಕು.

3. ಪೆನ್ಸಿಲ್‌ನಲ್ಲಿ ಹೊರಗೆರೆ ಹಾಕಿ. ಇಡೀ ಚಿತ್ರ ಎರಡು ಅಂಗೈಯ ಹರವಿನೊಳಗೆ ಬರಬೇಕು. ಅಕ್ಕಪಕ್ಕದ ಗೆರೆಗಳ ನಡುವೆ ಎಲ್ಲಿಯೂ 3 ಮಿ.ಮೀ.ಗಿಂತ ಕಡಿಮೆ ಬೇಡ, 6 ಇದ್ದರೆ ಒಳ್ಳೆಯದು. ಬೆರಳ ತುದಿ ಎರಡು ಬಿಂದುಗಳನ್ನು ಬೇರೆ ಬೇರೆ ಎಂದು ಹಿಡಿಯಬೇಕಾದರೆ ನಡುವೆ ಸುಮಾರು 2 ಮಿ.ಮೀ. ಬೇಕು, ಅದಕ್ಕಿಂತ ಹತ್ತಿರ ಬಂದ ಗೆರೆಗಳು ಸೇರಿ ಒಂದೇ ಉಬ್ಬಾಗುತ್ತವೆ.

4. ನಡುನಾಳದ ಗೆರೆಯ ಮೇಲೆ ಅಂಟನ್ನು ಬೆಂಕಿಕಡ್ಡಿಯಿಂದ ತೆಳುವಾಗಿ ಎಳೆದು ದಪ್ಪ ಹುರಿಯನ್ನು ಒತ್ತಿ. ಹೊರ ಅಂಚಿಗೂ ಪಕ್ಕದ ನಾಳಗಳಿಗೂ ತೆಳು ದಾರ. ಪಕ್ಕದ ನಾಳ ಅಂಚನ್ನು ಮುಟ್ಟುವ ಮೊದಲು 3 ಮಿ.ಮೀ. ಜಾಗ ಬಿಟ್ಟು ನಿಲ್ಲಿಸಿ. ಕಣ್ಣಿಗೆ ಇದು ಅರ್ಧಕ್ಕೆ ಬಿಟ್ಟಂತೆ ಕಾಣುತ್ತದೆ. ಬೆರಳಿಗೆ ಆ ಖಾಲಿ ಜಾಗವೇ "ಇಲ್ಲಿಗೆ ನಾಳ ಮುಗಿಯಿತು, ಇದು ಅಂಚು" ಎಂದು ಹೇಳುತ್ತದೆ.

5. ತೊಟ್ಟಿಗೆ ಉಣ್ಣೆಬಟ್ಟೆಯ ಪಟ್ಟಿ ಹಚ್ಚಿ. ಒಂದು ಚಿತ್ರದಲ್ಲಿ ನಾಲ್ಕಕ್ಕಿಂತ ಹೆಚ್ಚು ಬಗೆಯ ಮೈ ಬೇಡ. ಮರಳುಕಾಗದ ದೊಡ್ಡ ಜಾಗಕ್ಕೆ ಹಚ್ಚಿದರೆ ಬೆರಳು ಜೋಮು ಹಿಡಿದು ಉಳಿದದ್ದು ತಿಳಿಯುವುದಿಲ್ಲ.

6. ಪ್ಲಾಸ್ಟಿಕ್ ಹಾಳೆ ಮುಚ್ಚಿ, ಮೇಲೆ ಪುಸ್ತಕ ಹೇರಿ ಒಂದು ರಾತ್ರಿ ಬಿಡಿ. ಒಂದೇ ಮುಖಕ್ಕೆ ಒದ್ದೆ ಅಂಟು ತಾಗಿದ ಕಾರ್ಡು ತೂಕವಿಲ್ಲದೆ ಒಣಗಿದರೆ ದೋಣಿಯಂತೆ ಬಾಗುತ್ತದೆ. ಒಣಗಿದ ಮೇಲೆ ಇಡೀ ಕಾರ್ಡಿನ ಮೇಲೆ ಬೆರಳಾಡಿಸಿ. ಚೆಲ್ಲಿ ಗಟ್ಟಿಯಾದ ಅಂಟಿನ ಹನಿ ಚುಕ್ಕೆಯಂತೆ ಓದಿಸಿಕೊಳ್ಳುತ್ತದೆ, ಕೆರೆದು ತೆಗೆಯಿರಿ. ದಾರದ ತುದಿ ಬಿಚ್ಚಿಕೊಂಡಿದ್ದರೆ ಅಂಟಿನಲ್ಲಿ ಹೊಸೆದು ಕತ್ತರಿಸಿ.

7. ಬ್ರೈಲ್ ಹೆಸರುಪಟ್ಟಿ. ಬ್ರೈಲ್‌ನಲ್ಲಿ ಒಂದು ಮನೆಯಿಂದ (6 ಚುಕ್ಕೆಗಳ ಜಾಗ) ಇನ್ನೊಂದಕ್ಕೆ ಸುಮಾರು 6 ಮಿ.ಮೀ., ಸಾಲಿನಿಂದ ಸಾಲಿಗೆ ಸುಮಾರು 10 ಮಿ.ಮೀ. ಕನ್ನಡ ಬ್ರೈಲ್‌ನಲ್ಲಿ ಗುಣಿತದ ಸ್ವರಕ್ಕೂ ಪ್ರತ್ಯೇಕ ಮನೆ ಬೇಕಾದ್ದರಿಂದ "ನಡುನಾಳ" ಎಂಬ ನಾಲ್ಕಕ್ಷರದ ಪದ ಆರು ಮನೆ ಹಿಡಿಯುತ್ತದೆ, ಅಂದರೆ ಮೂರೂವರೆ ಸೆಂ.ಮೀ. ಅಷ್ಟು ಉದ್ದದ ಪಟ್ಟಿಯನ್ನು ಎಲೆಯೊಳಗೆ ಅಂಟಿಸಿದರೆ ನಾಳವೇ ಮುಚ್ಚಿಹೋಗುತ್ತದೆ. ಚಿತ್ರದ ಮೇಲೆ ನ, ತ, ಅ ಎಂದು ಒಂದೊಂದೇ ಅಕ್ಷರ ಹಾಕಿ, ಪೂರ್ಣ ಹೆಸರುಗಳನ್ನು ಬೇರೆ ಹಾಳೆಯಲ್ಲಿ ಕೊಡಿ. "ಅಲಗು" ಮತ್ತು "ಅಂಚು" ಎರಡೂ ಅಕಾರದಿಂದ ಶುರುವಾಗುತ್ತವೆ, ಅಂಚಿಗೆ "ಚ" ಹಾಕಿದರೆ ಗೊಂದಲವಿಲ್ಲ. ಅದೇ ಹೆಸರುಗಳನ್ನು ಪೆನ್ನಿನಲ್ಲೂ ಬರೆಯಿರಿ, ಪಕ್ಕದಲ್ಲಿ ಕೂತ ಗೆಳತಿಗೂ ಓದಲು ಬರಬೇಕಲ್ಲ.

8. ಕಾರ್ಡಿನ ಮೇಲಿನ ಬಲ ಮೂಲೆಯನ್ನು ಓರೆಯಾಗಿ ಕತ್ತರಿಸಿ. ಯಾವುದು ಮೇಲು ಯಾವುದು ಕೆಳಗು ಎಂದು ಯಾರನ್ನೂ ಕೇಳದೆ ತಿಳಿಯುತ್ತದೆ.

ಅಂಟು ದಾರದ ಬದಲು ಹೊಲಿಗೆಯವರು ಗುರುತು ಹಾಕಲು ಬಳಸುವ ಹಲ್ಲುಚಕ್ರವನ್ನು ರಬ್ಬರ್ ಹಾಸಿನ ಮೇಲಿಟ್ಟ ಹಾಳೆಯ ಮೇಲೆ ಓಡಿಸಿದರೂ ಚುಕ್ಕೆಗೆರೆ ಉಬ್ಬುತ್ತದೆ. ಆದರೆ ಉಬ್ಬುವುದು ಹಾಳೆಯ ಹಿಂಭಾಗದಲ್ಲಿ. ಹಾಗಾಗಿ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ಬರೆದಿರಬೇಕು. ಎಲೆಯಲ್ಲಿ ಈ ತಪ್ಪು ನಡೆದರೂ ಗೊತ್ತಾಗುವುದಿಲ್ಲ, ಭೂಪಟದಲ್ಲಿ ಪೂರ್ವ ಪಶ್ಚಿಮಕ್ಕೆ ಹೋಗಿರುತ್ತದೆ.

ಚಿತ್ರ ಸರಿಯಾಗಿದೆಯೇ ಎಂದು ನೀವು ಕಣ್ಣು ಮುಚ್ಚಿ ಮುಟ್ಟಿ ನೋಡಿದರೆ ಸಾಲದು. ಅದು ಎಲೆ ಎಂದು ನಿಮಗೆ ಮೊದಲೇ ಗೊತ್ತು, ಬೆರಳು ಸುಳ್ಳು ಹೇಳಿದರೂ ಮನಸ್ಸು ತಿದ್ದಿಕೊಳ್ಳುತ್ತದೆ. ಮಗುವಿನ ಕೈಗೆ ಕೊಟ್ಟು "ಏನೇನು ಸಿಕ್ಕಿತು ಹೇಳು" ಎನ್ನಿ, ಎಲ್ಲಿ ಬೆರಳು ತಡವರಿಸಿತು ನೋಡಿ, ಅಲ್ಲಿ ತಿದ್ದಿ.

ಕ್ರಮವೂ ಮುಖ್ಯ. ಮೊದಲು ನಿಜವಾದ ಎಲೆ, ಆಮೇಲೆ ಚಿತ್ರ. ಚಪ್ಪಟೆ ಗೆರೆಗಳ ಗುಂಪು ತಾನು ಮುಟ್ಟಿದ ಎಲೆಯನ್ನು ಹೇಳುತ್ತಿದೆ ಎಂಬುದೇ ಒಂದು ಕಲಿಕೆ. ಕಣ್ಣು ಇಡೀ ಎಲೆಯನ್ನು ಒಂದೇ ನೋಟಕ್ಕೆ ಹಿಡಿಯುತ್ತದೆ. ಬೆರಳು ತುಂಡು ತುಂಡಾಗಿ ಹಿಡಿದು ಮನಸ್ಸಿನಲ್ಲಿ ಜೋಡಿಸಬೇಕು. ಎಡಗೈ ತೋರುಬೆರಳನ್ನು ತೊಟ್ಟು ಅಲಗಿಗೆ ಸೇರುವಲ್ಲಿ ಇಟ್ಟು, ಬಲಗೈಯಿಂದ ಹೊರಟು ಮತ್ತೆ ಅಲ್ಲಿಗೇ ಬರುವುದನ್ನು ಕಲಿಸಿ. ಎಲೆ ಮತ್ತು ಕಾರ್ಡನ್ನು ಹಿಂದಿನ ದಿನವೇ ಕೊಟ್ಟರೆ ತರಗತಿಯ ಹೊತ್ತಿಗೆ ಆ ಹುಡುಗಿ ಉಳಿದವರ ಜೊತೆಗೇ ಇರುತ್ತಾಳೆ, ಎಷ್ಟೋ ಸಲ ಮುಂದೆಯೇ ಇರುತ್ತಾಳೆ. ಎಲೆಯ ಹಿಂಬದಿಯಲ್ಲಿ ನಾಳ ಎದ್ದಿರುತ್ತದೆ ಎಂಬುದನ್ನು ನೋಡುವ ಮಕ್ಕಳಿಗಿಂತ ಮೊದಲು ಕಂಡುಹಿಡಿಯುವವಳು ಅವಳೇ.

ಮಂದದೃಷ್ಟಿ ಇರುವ ಮಗುವಿಗೆ ಸ್ಪರ್ಶ ಚಿತ್ರವೇ ಬೇಕೆಂದಿಲ್ಲ. ತಿಳಿ ಹಳದಿ ಹಾಳೆಯ ಮೇಲೆ ದಪ್ಪ ಕಪ್ಪು ಮಾರ್ಕರಿನ ಗೆರೆ, 18 ಪಾಯಿಂಟಿಗೆ ಕಡಿಮೆ ಇಲ್ಲದ ಅಕ್ಷರ, ಹೊಳೆಯದ ಕಾಗದ. ಲ್ಯಾಮಿನೇಷನ್ ಮಾಡಿದರೆ ಬೆಳಕು ಪ್ರತಿಫಲಿಸಿ ಎಲ್ಲ ಶ್ರಮ ವ್ಯರ್ಥ. ಆಲ್ಬಿನಿಸಂ (ಚರ್ಮ, ಕೂದಲು, ಕಣ್ಣಿಗೆ ಬಣ್ಣ ಕೊಡುವ ವರ್ಣದ್ರವ್ಯದ ಕೊರತೆ; ಬೆಳಕು ಕಣ್ಣಿಗೆ ಚುಚ್ಚುತ್ತದೆ) ಇರುವ ಮಗುವನ್ನು ಕಿಟಕಿಗೆ ಬೆನ್ನು ಮಾಡಿ ಕೂರಿಸಿ.

ಎಲೆಯ ಉಜ್ಜು ಚಿತ್ರ

ಎಲೆಯ ಮೇಲೆ ಹಾಳೆ ಇಟ್ಟು ಮೇಣದ ಬಣ್ಣದಿಂದ ಉಜ್ಜಿದರೆ ನಾಳಗಳು ತಾವಾಗಿ ಮೂಡಿಬರುತ್ತವೆ. ಚಿತ್ರ ಬರೆಯಲು ಬಾರದು ಎಂದು ಕೂತಿರುವ ಯಾವ ಮಗುವೂ ಇಲ್ಲಿ ಹಿಂದೆ ಬೀಳುವುದಿಲ್ಲ, ಅದಕ್ಕೇ ಈ ಚಟುವಟಿಕೆ ಇಡೀ ತರಗತಿಗೆ ಇರಲಿ. ಎಲೆಯ ಹಿಂಬದಿ ಮೇಲೆ ಬರಬೇಕು. ಹಾಳೆ 70–80 ಜಿಎಸ್‌ಎಂ, ಅದಕ್ಕಿಂತ ದಪ್ಪವಾದರೆ ನಾಳ ಮೂಡುವುದಿಲ್ಲ. ಬಣ್ಣದ ಕಡ್ಡಿಯ ಕಾಗದ ಸುಲಿದು, ಅಡ್ಡಲಾಗಿ ಮಲಗಿಸಿ ಉಜ್ಜಬೇಕು. ಒಣಗಿದ ಎಲೆ ಪುಡಿಯಾಗುತ್ತದೆ. ಒಂದೆರಡು ಗಂಟೆ ಬಾಡಿದ್ದು ಸರಿಯಾಗಿರುತ್ತದೆ.

ಕೈ ನಡುಗುವ ಅಥವಾ ಬಿಗಿಯುವ ಮಗುವಿಗೆ ಬಣ್ಣದ ಕಡ್ಡಿಗಿಂತ ಮೊದಲು ಕುರ್ಚಿಯನ್ನು ನೋಡಿ. ಸೊಂಟ, ಮಂಡಿ, ಪಾದದ ಕೀಲು ಮೂರೂ ಸುಮಾರು 90 ಡಿಗ್ರಿಯಲ್ಲಿರಬೇಕು, ಪಾದ ಪೂರ್ತಿ ಊರಿರಬೇಕು, ಮೇಜು ಮೊಣಕೈಯ ಎತ್ತರಕ್ಕಿರಬೇಕು. ಕಾಲು ನೇತಾಡುತ್ತಿದ್ದರೆ ದೇಹ ಬೀಳದಂತೆ ಹಿಡಿಯುವ ಕೆಲಸ ಕೈಗೆ ಬೀಳುತ್ತದೆ, ಬರೆಯಲು ಕೈ ಉಳಿಯುವುದಿಲ್ಲ. ಹಳೆಯ ಪುಸ್ತಕಗಳನ್ನು ಟೇಪಿನಿಂದ ಬಿಗಿದು ಕಾಲಡಿ ಇಟ್ಟರೆ ಎಷ್ಟೋ ಸಲ "ಕೈಯ ಸಮಸ್ಯೆ" ಅರ್ಧಕ್ಕೆ ಇಳಿಯುತ್ತದೆ.

ಅದಾದ ಮೇಲೆ ಹಿಡಿ. ಪೈಪಿಗೆ ಹೊದಿಸುವ ಫೋಮ್ ಕೊಳವೆಯ 10 ಸೆಂ.ಮೀ. ತುಂಡಿನೊಳಗೆ ಕಡ್ಡಿ ತೂರಿಸಿ, ಹಿಡಿ ಸುಮಾರು 3 ಸೆಂ.ಮೀ. ದಪ್ಪ ಬರಲಿ. ಫೋಮ್ ಇಲ್ಲದಿದ್ದರೆ ಬಟ್ಟೆ ಸುತ್ತಿ ಟೇಪು ಹಾಕಿ. ಎಲೆಯ ತೊಟ್ಟನ್ನೂ ಹಾಳೆಯ ನಾಲ್ಕು ಮೂಲೆಗಳನ್ನೂ ಟೇಪಿನಿಂದ ಬಿಗಿಯಿರಿ. ಅಡಿಯಲ್ಲಿ ಜಾರದ ಹಾಸು, ಇಲ್ಲವೇ ಹಿಂಡಿದ ಒದ್ದೆ ಬಟ್ಟೆಯ ಮೇಲೆ ರಟ್ಟು. ದಪ್ಪ ಬೆನ್ನಿನ ಫೈಲನ್ನು, ಬೆನ್ನು ಮಗುವಿನಿಂದ ಆಚೆ ಇರುವಂತೆ ಅಡ್ಡ ಇಟ್ಟರೆ ಬರೆಯಲು ಬೇಕಾದ ಇಳಿಜಾರು ಸಿಗುತ್ತದೆ. ಬೆರಳು ಬಿಗಿದು ಸಣ್ಣ ಚಲನೆ ಆಗದ ಮಗು ತೋಳಿನ ದೊಡ್ಡ ಚಲನೆಯಿಂದ ಚೆನ್ನಾಗಿಯೇ ಉಜ್ಜಬಲ್ಲದು. ಆದ್ದರಿಂದ ಆ ಮಗುವಿಗೆ ದೊಡ್ಡ ಎಲೆ, ದೊಡ್ಡ ಹಾಳೆ ಕೊಡಿ.

ಕಣ್ಣು ಕಾಣದ ಮಗುವೂ ತಾನೇ ಗೆರೆ ಎಳೆಯಬಹುದು. ಕಿಟಕಿಗೆ ಹಾಕುವ ಸೊಳ್ಳೆ ಜಾಲರಿಯ ಎ4 ತುಂಡನ್ನು ರಟ್ಟಿನ ಮೇಲೆ ಹಚ್ಚಿ, ನಾಲ್ಕೂ ಅಂಚಿಗೆ ದಪ್ಪ ಟೇಪು ಮಡಿಸಿ ಅಂಟಿಸಿ. ಬಿಟ್ಟ ತಂತಿ ಚುಚ್ಚುತ್ತದೆ. ಅದರ ಮೇಲೆ ಹಾಳೆ ಇಟ್ಟು ಮೇಣದ ಬಣ್ಣದಿಂದ ಗಟ್ಟಿಯಾಗಿ ಎಳೆದರೆ, ಎಳೆದ ಗೆರೆ ಅದೇ ಕ್ಷಣ ತರಿತರಿಯಾಗಿ ಬೆರಳಿಗೆ ಸಿಗುತ್ತದೆ.

ಕೇಳದ ಮಗುವಿಗೆ ಸಮಯದ ಲೆಕ್ಕ

"ಮರ" ಎಂದು ಬಾಯಿ ಆಡಿಸಿ ಕನ್ನಡಿಯಲ್ಲಿ ನೋಡಿಕೊಳ್ಳಿ, ಆಮೇಲೆ "ಬರ" ಎನ್ನಿ, "ಪರ" ಎನ್ನಿ. ತುಟಿ ಮೂರಕ್ಕೂ ಒಂದೇ ಥರ. ತುಟಿ ನೋಡಿ ಎಲ್ಲ ಅರ್ಥಮಾಡಿಕೊಳ್ಳುತ್ತದೆ ಎಂಬ ನಂಬಿಕೆಯಲ್ಲಿ ಪಾಠ ಮಾಡಬೇಡಿ. ತೊಟ್ಟು, ಅಲಗು, ಅಂಚು, ನಾಳ ಎಂಬ ಪದಗಳನ್ನು ಮೊದಲೇ ಬರೆದಿಡಿ, ಕಿಟಕಿ ನಿಮ್ಮ ಬೆನ್ನ ಹಿಂದೆ ಬರದಂತೆ ನಿಲ್ಲಿ, ಬೋರ್ಡಿನ ಕಡೆ ತಿರುಗಿದಾಗ ಮಾತು ನಿಲ್ಲಿಸಿ.

ಸನ್ನೆ ಭಾಷೆ ಬಳಸುವ ಮಗುವಿನ ವಿಷಯದಲ್ಲಿ ಆಗುವ ದೊಡ್ಡ ತಪ್ಪು ಇದು: ಎಲೆ ಎತ್ತಿ ಹಿಡಿದು ತೋರಿಸುತ್ತಲೇ ವಿವರಿಸುವುದು. ಬೇರೆ ಮಕ್ಕಳು ಕಣ್ಣಿನಿಂದ ನೋಡಿ ಕಿವಿಯಿಂದ ಕೇಳುತ್ತಾರೆ. ಈ ಮಗುವಿಗೆ ಎರಡಕ್ಕೂ ಕಣ್ಣೇ. ಎಲೆ ನೋಡಿದರೆ ಮಾತು ತಪ್ಪಿತು, ಮಾತು ನೋಡಿದರೆ ಎಲೆ ತಪ್ಪಿತು. ಹೇಳಿ, ನಿಲ್ಲಿಸಿ, ಎಲೆ ನೋಡಲು ಬಿಡಿ, ಮಗು ಮತ್ತೆ ನಿಮ್ಮ ಕಡೆ ನೋಡಿದ ಮೇಲೆ ಮುಂದಿನ ಮಾತು. "ನಾಳ"ಕ್ಕೆ ಒಪ್ಪಿತ ಸನ್ನೆ ಯಾವುದು ಎಂದು ಸನ್ನೆ ಭಾಷೆ ಬಲ್ಲವರನ್ನು ಕೇಳಿ ಇಡೀ ತರಗತಿಗೆ ಕಲಿಸಿ. ಸನ್ನೆ ಭಾಷೆಗೆ ತನ್ನದೇ ವ್ಯಾಕರಣವಿದೆ. ಆ ಮಗು ಬರೆದ ಕನ್ನಡ ವಾಕ್ಯದಲ್ಲಿ ವಿಭಕ್ತಿ ತಪ್ಪಿದ್ದರೆ ಅದು ವಿಜ್ಞಾನದ ತಪ್ಪಲ್ಲ, ಅಂಕ ಕಳೆಯಬೇಡಿ.

ಶ್ರವಣ ಸಾಧನ ಹಾಕಿದ ಮಗುವಿಗೆ ಕುರ್ಚಿ ಎಳೆಯುವ ಕರಕರ ಸದ್ದೂ ನಿಮ್ಮ ಮಾತಿನಷ್ಟೇ ದೊಡ್ಡದಾಗಿ ಬರುತ್ತದೆ. ಕುರ್ಚಿಯ ಕಾಲುಗಳಿಗೆ ದಪ್ಪ ಬಟ್ಟೆ ಕಟ್ಟಿ, ಒಂದೆರಡು ಮೀಟರ್ ಒಳಗೆ ನಿಂತು ಮಾತಾಡಿ.

ಹಿಟ್ಟಿನ ಮುದ್ದೆಯಲ್ಲಿ ಎಲೆಯ ಅಚ್ಚು

2 ಲೋಟ ಮೈದಾ, 1 ಲೋಟ ಪುಡಿ ಉಪ್ಪು, ಮುಕ್ಕಾಲು ಲೋಟ ನೀರು. ನೀರನ್ನು ಸ್ವಲ್ಪಸ್ವಲ್ಪ ಹಾಕುತ್ತಾ ಐದು ನಿಮಿಷ ನಾದಿ; ಕೈಗೆ ಅಂಟಿದರೆ ಹಿಟ್ಟು, ಬಿರುಕು ಬಿಟ್ಟರೆ ಚಮಚ ನೀರು. ಅರ್ಧ ಸೆಂ.ಮೀ. ದಪ್ಪಕ್ಕೆ ತಟ್ಟಿ, ಎಲೆಯ ಹಿಂಬದಿ ಕೆಳಗೆ ಮಾಡಿ ಇಟ್ಟು, ಲಟ್ಟಣಿಗೆ ಒಮ್ಮೆ ಉರುಳಿಸಿ ಎಲೆ ಎತ್ತಬೇಕು. ನೆರಳಲ್ಲಿ ಎರಡು ಮೂರು ದಿನ ಒಣಗಿಸಿ, ಬಿಸಿಲಿಗಿಟ್ಟರೆ ಸೀಳುತ್ತದೆ. ಗೋಧಿ ಅಲರ್ಜಿ ಇರುವ ಮಗುವಿದ್ದರೆ ಮೈದಾ ಬೇಡ, ಜೇಡಿಮಣ್ಣು ತನ್ನಿ. ಉಪ್ಪು ಗಾಯಕ್ಕೆ ಉರಿಯುತ್ತದೆ. ತಿನ್ನುವ ಮಗುವಿದ್ದರೆ ಕಣ್ಣಿಟ್ಟಿರಿ, ಇಷ್ಟು ಉಪ್ಪು ಹೊಟ್ಟೆಗೆ ಹೋಗಬಾರದು.

ಈ ಐದು ಹಂತವನ್ನು ಬೌದ್ಧಿಕ ವೈಕಲ್ಯ ಇರುವ ಮಗುವಿಗೆ ಹಿಂದಿನಿಂದ ಮುಂದಕ್ಕೆ ಕಲಿಸಿ. ಮೊದಲ ದಿನ ಮುದ್ದೆ ತೆಗೆಯುವುದು, ತಟ್ಟುವುದು, ಎಲೆ ಇಡುವುದು, ಲಟ್ಟಣಿಗೆ ಉರುಳಿಸುವುದು ನಿಮ್ಮ ಕೆಲಸ. ಎಲೆಯ ತೊಟ್ಟು ಹಿಡಿದು ಮೆಲ್ಲಗೆ ಎತ್ತುವುದು ಮಾತ್ರ ಮಗುವಿನದು. ಎಲೆ ಬಿಟ್ಟುಕೊಂಡು ಬರುತ್ತದೆ, ಕೆಳಗೆ ಒಂದೊಂದೇ ನಾಳ ಮೂಡಿರುವುದು ಕಾಣುತ್ತದೆ. ಇಡೀ ಕೆಲಸದ ಅತ್ಯಂತ ಸೊಗಸಾದ ಕ್ಷಣ ಅದು, ಅದು ಆ ಮಗುವಿನ ಕೈಯಲ್ಲಿ ನಡೆಯಿತು. ಮುಂದಿನ ಸಲ ಲಟ್ಟಣಿಗೆಯೂ ಅದರದ್ದೇ, ಅದರ ಮುಂದಿನ ಸಲ ಎಲೆ ಇಡುವುದೂ. ಮೊದಲ ಹಂತದಿಂದ ಕಲಿಸಹೊರಟರೆ ಮಗು ತಟ್ಟುವುದರಲ್ಲೇ ಸುಸ್ತಾಗಿ, ಅಚ್ಚು ಮೂಡುವುದನ್ನು ನೋಡುವಷ್ಟರಲ್ಲಿ ಎದ್ದುಹೋಗಿರುತ್ತದೆ.

ಆಟಿಸಂ ಇರುವ ಕೆಲವು ಮಕ್ಕಳಿಗೆ ಒದ್ದೆ, ಅಂಟಂಟು ಎಂದರೆ ನಿಜವಾಗಿಯೂ ತಡೆಯಲಾಗದ ಸಂಕಟ. ಅದನ್ನು ಹಟ ಎಂದು ತಿಳಿದು ಕೈ ಹಿಡಿದು ಮುದ್ದೆಗೆ ಒತ್ತಬೇಡಿ. ಒಮ್ಮೆ ಹಾಗೆ ಮಾಡಿದರೆ ಮುಂದೆ ನಿಮ್ಮ ಮೇಜಿನ ಹತ್ತಿರವೇ ಬರುವುದಿಲ್ಲ. ಮುದ್ದೆಯನ್ನು ಜಿಪ್ ಚೀಲದಲ್ಲಿ ಹಾಕಿ ಹೊರಗಿನಿಂದ ಒತ್ತಲು ಕೊಡಿ, ಇಲ್ಲವೇ ಲಟ್ಟಣಿಗೆಯ ಕೆಲಸವನ್ನೇ ವಹಿಸಿ. ಐದು ಹಂತಗಳ ಐದು ಚಿತ್ರಗಳನ್ನು ಸಾಲಾಗಿ ಅಂಟಿಸಿ, ಮುಗಿದಂತೆ ಮಗುವೇ ಒಂದೊಂದನ್ನು ಕಿತ್ತು ಡಬ್ಬಿಗೆ ಹಾಕಲಿ. ಇನ್ನೆಷ್ಟು ಉಳಿದಿದೆ ಎಂದು ಕಣ್ಣಿಗೆ ಕಂಡರೆ ಅರ್ಧ ಆತಂಕ ಕಡಿಮೆ. ಮುಗಿಸುವ ಐದು ನಿಮಿಷ ಮೊದಲು, ಮತ್ತೆ ಒಂದು ನಿಮಿಷ ಮೊದಲು ತಿಳಿಸಿ.

ಸಹಾಯ ಎಲ್ಲಿ ನಿಲ್ಲಬೇಕು

ಗೋಡೆಯ ಮೇಲೆ ಅಂಗವಿಕಲ ಮಗುವಿನ ಹೆಸರಲ್ಲಿ ತೂಗುಹಾಕಿದ ಚಂದದ ಎಲೆಯನ್ನು ಎಷ್ಟೋ ಸಲ ದೊಡ್ಡವರು ಮಾಡಿರುತ್ತಾರೆ. ಅಂಟು ಮೆತ್ತಿಕೊಂಡ, ಓರೆಕೋರೆಯಾದ, ಮಗುವೇ ಮಾಡಿದ ಎಲೆ ಅಲ್ಲಿ ಇರಲಿ. ಮಗುವಿನ ಕೈಯ ಮೇಲೆ ನಿಮ್ಮ ಕೈ ಇಟ್ಟು ಆಡಿಸಬೇಡಿ. ನಿಮ್ಮ ಕೈ ಕೆಳಗಿರಲಿ, ಮಗುವಿನ ಕೈ ಅದರ ಮೇಲಿರಲಿ. ನೀವು ಮಾಡುವುದನ್ನು ಮಗು ಅನುಸರಿಸುತ್ತದೆ, ಬೇಡವೆನಿಸಿದಾಗ ತನ್ನ ಕೈ ಎತ್ತಿಕೊಳ್ಳುತ್ತದೆ. ಕಣ್ಣು ಕಾಣದ ಮಗುವಿಗಂತೂ ಕೈಯೇ ಕಣ್ಣು, ಅದನ್ನು ಹೇಳದೆ ಹಿಡಿದೆಳೆಯಬಾರದು.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ. 1970ರ ದಶಕದಲ್ಲಿ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ತರಗತಿಗಳನ್ನು ಗಮನಿಸಿದಾಗ ಶಿಕ್ಷಕರು ಸರಾಸರಿ ಒಂದೇ ಸೆಕೆಂಡು ಕಾಯುತ್ತಿದ್ದರು. ಮೂರು ಸೆಕೆಂಡಿಗೆ ಹೆಚ್ಚಿಸಿದಾಗ ಉತ್ತರಗಳು ಉದ್ದವಾದವು, ಮಾತಾಡದವರೂ ಮಾತಾಡಿದರು. ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಉತ್ತರ ಗೊತ್ತಿದ್ದರೂ ಬಾಯಿ ಅಥವಾ ಕೈ ಅಲ್ಲಿಗೆ ತಲುಪಲು ಹೊತ್ತು ಬೇಕು. ಮನಸ್ಸಿನಲ್ಲಿ ಹತ್ತು ಎಣಿಸಿ. ಮಧ್ಯೆ ಪ್ರಶ್ನೆಯನ್ನು ಮತ್ತೆ ಹೇಳಿದರೆ ಮಗು ಮೊದಲಿನಿಂದ ಶುರುಮಾಡಬೇಕಾಗುತ್ತದೆ.

ನಾಲ್ವರ ಗುಂಪು ಒಳ್ಳೆಯದು. ಸಹಾಯಕ ಶಿಕ್ಷಕರು ಮಗುವಿಗೆ ಅಂಟಿಕೊಂಡು ಕೂತರೆ ಉಳಿದ ಮಕ್ಕಳು ಮಗುವನ್ನು ಬಿಟ್ಟು ಅವರನ್ನೇ ಮಾತಾಡಿಸುತ್ತಾರೆ. ಗುಂಪಿನ ಹಿಂದೆ, ಎಲ್ಲರಿಗೂ ಸೇರಿದವರಂತೆ ಅವರು ಕೂರಲಿ. ಸಹಾಯ ಮಾಡುವ ಗೆಳೆಯ ವಾರವಾರ ಬದಲಾಗಲಿ. ಅಂಗವಿಕಲ ಮಗುವೂ ಯಾರಿಗಾದರೂ ಸಹಾಯ ಮಾಡುವ ಸರದಿ ಬರಲಿ. ಕಣ್ಣು ಮುಚ್ಚಿ ಎಲೆ ಗುರುತಿಸುವ ಆಟಕ್ಕೆ ಆ ಹುಡುಗಿಯೇ ಗುರು.

ಕಲಿತದ್ದನ್ನು ನೋಡುವುದು

ಗುರಿಯ ವಾಕ್ಯವನ್ನು ಮತ್ತೆ ಎದುರಿಗಿಟ್ಟುಕೊಳ್ಳಿ. ಒಬ್ಬರು ಬರೆದು ತೋರಿಸಬಹುದು, ಒಬ್ಬರು ಹತ್ತು ಎಲೆಗಳನ್ನು ಎರಡು ಬುಟ್ಟಿಗೆ ಬೇರ್ಪಡಿಸಬಹುದು, ಒಬ್ಬರು ಹಿಟ್ಟಿನ ಅಚ್ಚಿನ ಮೇಲೆ ಬೆರಳಿಟ್ಟು ಹೇಳಬಹುದು. ಕೈ ಮತ್ತು ಮಾತು ಎರಡೂ ಕಷ್ಟವಾದ ಮಗುವಿಗೆ ಕಣ್ಣಿನ ಉತ್ತರ: ದಾಸವಾಳದ ಎಲೆ ಒಂದು ಕೈಯಲ್ಲಿ, ಬಿದಿರಿನ ಎಲೆ ಇನ್ನೊಂದರಲ್ಲಿ, ನಡುವೆ ಸುಮಾರು 30 ಸೆಂ.ಮೀ. ಅಂತರ, ಮಗುವಿನ ಕಣ್ಣಿನ ಎತ್ತರದಲ್ಲಿ ಹಿಡಿಯಿರಿ. "ಸಮಾಂತರ ನಾಳ ಯಾವುದರಲ್ಲಿ?" ಎಂದು ಕೇಳಿ, ನೋಟ ಎಲ್ಲಿ ನಿಲ್ಲುತ್ತದೆ ನೋಡಿ. ಸರಿ ಉತ್ತರದ ಕಡೆ ನೀವೇ ನೋಡದಂತೆ ಎಚ್ಚರ. ಮತ್ತೆ ಎಡಬಲ ಬದಲಿಸಿ ಕೇಳಿ. ಕೆಲವು ಮಕ್ಕಳಿಗೆ ಒಂದೇ ಕಡೆ ನೋಡುವುದು ಸುಲಭ, ಬದಲಿಸದೆ ಕೇಳಿದರೆ ಅದನ್ನೇ ಉತ್ತರ ಎಂದುಕೊಳ್ಳುತ್ತೀರಿ. ನಾಲ್ಕೈದು ಜೋಡಿ ಬೇರೆ ಬೇರೆ ಎಲೆಗಳಲ್ಲಿ ನೋಟ ಸರಿಯಾಗಿ ಬಿದ್ದರೆ ಆ ಮಗುವಿಗೆ ಪಾಠ ಬಂದಿದೆ ಎಂದು ಧೈರ್ಯವಾಗಿ ಬರೆಯಿರಿ.

ಸ್ಪರ್ಶ ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಬೇಡಿ, ಬ್ರೈಲ್ ಚುಕ್ಕೆ ಚಪ್ಪಟೆಯಾಗುತ್ತದೆ. ಪುಸ್ತಕದಂತೆ ನಿಲ್ಲಿಸಿ ಡಬ್ಬಿಯಲ್ಲಿಡಿ. ಪ್ರತಿ ಕಾರ್ಡಿನ ಹಿಂದೆ ಯಾವ ಪಾಠ, ಯಾವ ಮಗು ಬಳಸಿತು, ಬೆರಳು ಎಲ್ಲಿ ತಡವರಿಸಿತು ಎಂದು ಎರಡು ಸಾಲು ಬರೆದಿಟ್ಟರೆ, ಮುಂದಿನ ವರ್ಷ ಇದೇ ಪಾಠ ಮಾಡುವವರು ತಡವರಿಸಿದ ಜಾಗ ತಿದ್ದುವುದರಿಂದಲೇ ಕೆಲಸ ಶುರುಮಾಡಬಹುದು.